ಸೇನೆಯಿಂದ ನಿವೃತ್ತವಾದ 6×6 ಲಾರಿಯನ್ನು ಮಾರುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಆರೂ ಚಕ್ರಗಳಿಗೆ ಎಂಜಿನ್ನಿನ ಬಲ ತಲುಪುವ (6×6) ಹಳೆಯ ಸೇನಾ ಲಾರಿಯೊಂದನ್ನು ಬಿಚ್ಚಿ, ತುಕ್ಕು ಕೆರೆದು, ಮತ್ತೆ ಜೋಡಿಸಿ ಓಡುವಂತೆ ಮಾಡಿದವರು ಅದನ್ನು ಮಾರಲು ಹೊರಟಾಗ ಒಂದು ಕಹಿ ಗುಟುಕನ್ನು ಮೊದಲೇ ನುಂಗಿಬಿಡಬೇಕು. ಸುರಿದ ಹಣವಾಗಲಿ, ಶೆಡ್ಡಿನಲ್ಲಿ ಕಳೆದ ರಾತ್ರಿಗಳಾಗಲಿ ಬೆಲೆಯಾಗಿ ಮರಳಿ ಬರುವುದಿಲ್ಲ. ಕೊಳ್ಳುವವನು ಹಣ ಕೊಡುವುದು ನಿಮ್ಮ ಬೆವರಿಗಲ್ಲ, ತನ್ನ ಅನುಮಾನ ತೀರಿದ್ದಕ್ಕೆ. ಮೂರು ಆಕ್ಸಲ್, ಮೂರು ಡಿಫರೆನ್ಷಿಯಲ್ (ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ), ಒಂದು ಗೇರ್‌ಬಾಕ್ಸ್, ಒಂದು ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ, ಹಿಂದಿನ ಆಕ್ಸಲ್ಲುಗಳಿಗೆ ಹಂಚುವ ಪೆಟ್ಟಿಗೆ), ಇವುಗಳ ನಡುವೆ ತಿರುಗುವ ಶಾಫ್ಟ್‌ಗಳು: ಇವುಗಳಲ್ಲಿ ಯಾವುದರ ಹಲ್ಲು ಸವೆದಿದೆ ಎಂದು ಹೊರಗಿನಿಂದ ನೋಡಿ ಹೇಳಲು ಯಾರಿಂದಲೂ ಆಗದು. ಹೊಸದಾಗಿ ಬಳಿದ ಹಸಿರು ಬಣ್ಣ ಆ ಅನುಮಾನವನ್ನು ಹೆಚ್ಚಿಸುವುದೇ ಜಾಸ್ತಿ. ಆದ್ದರಿಂದ ಕೆಳಗಿನ ಹಂತಗಳೆಲ್ಲ ಲಾರಿಯನ್ನು ಚೆಂದ ಕಾಣಿಸುವುದಕ್ಕಿಂತ, ಅದರೊಳಗಿನದನ್ನು ತೆರೆದು ತೋರಿಸುವುದರ ಬಗ್ಗೆ ಇವೆ.

ಹಂತ 1: ನಿಮ್ಮ ಲಾರಿ ಯಾರಿಗೆ ಬೇಕು?

ಕೊಳ್ಳುವವರಲ್ಲಿ ಮುಖ್ಯವಾಗಿ ಮೂರು ಬಗೆಯವರಿದ್ದಾರೆ. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸದು.

ಮೊದಲನೆಯವನು ಸಂಗ್ರಾಹಕ. ಅವನಿಗೆ ಬೇಕಾದದ್ದು ಮೂಲರೂಪ. ಎರಡನೆಯ ಮಹಾಯುದ್ಧದ ಜಿಎಂಸಿ ಸಿಸಿಕೆಡಬ್ಲ್ಯೂ ಲಾರಿಯನ್ನೇ ತೆಗೆದುಕೊಳ್ಳಿ. 1941ರಿಂದ 1945ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ವಾಹನ ಅದು. ಅದರ ಹೆಸರಿನ ಒಂದೊಂದು ಅಕ್ಷರಕ್ಕೂ ಅರ್ಥವಿದೆ: ಮೊದಲ ಸಿ ವಿನ್ಯಾಸದ ವರ್ಷ 1941ನ್ನು, ಎರಡನೆಯದು ಸಾಂಪ್ರದಾಯಿಕ ಕ್ಯಾಬನ್ನು, ಕೆ ಮುಂದಿನ ಚಕ್ರಗಳ ಚಾಲನೆಯನ್ನು, ಡಬ್ಲ್ಯೂ ಹಿಂದಿನ ಜೋಡಿ ಆಕ್ಸಲ್‌ಗಳ ಚಾಲನೆಯನ್ನು ಸೂಚಿಸುತ್ತದೆ. ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬರುವ ಗಿರಾಕಿ, ನಿಮ್ಮ ಲಾರಿಯಲ್ಲಿರುವುದು ಟಿಂಕೆನ್ ಕಂಪನಿಯ ಸೀಳು ಆಕ್ಸಲ್ಲೋ (ಕವಚ ಹೋಳುಗಳಾಗಿರುವುದು) ಜಿಎಂ ತಯಾರಿಸಿದ ಬ್ಯಾಂಜೊ ಆಕ್ಸಲ್ಲೋ (ಕವಚ ಒಂದೇ ತುಂಡಾಗಿರುವುದು) ಎಂಬುದನ್ನು ನೀವು ಬಾಯಿ ತೆರೆಯುವ ಮೊದಲೇ ಬಗ್ಗಿ ನೋಡಿರುತ್ತಾನೆ. ನೀವು ಹಾಕಿಸಿದ ಆರಾಮದ ಸೀಟು ಅವನ ಲೆಕ್ಕದಲ್ಲಿ ನಷ್ಟದ ಬಾಬ್ತು.

ಎರಡನೆಯವನು ದೂರ ಪ್ರಯಾಣದ ಕನಸು ಕಟ್ಟಿಕೊಂಡವನು. ಹಿಂದೆ ಮನೆಯಂಥ ಪೆಟ್ಟಿಗೆ ಕಟ್ಟಿಸಿಕೊಂಡು ಮರುಭೂಮಿ ದಾಟಬೇಕು ಅವನಿಗೆ. ಇಂಧನ ಎಷ್ಟು ಕುಡಿಯುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆ, ಎಷ್ಟು ಭಾರ ಹೊರುತ್ತದೆ ಎಂಬುವು ಅವನ ಪ್ರಶ್ನೆಗಳು. ಇಲ್ಲಿ ಸುಳ್ಳು ಹೇಳಬೇಡಿ. ಆರು ಲೀಟರಿನ ಪೆಟ್ರೋಲ್ ವಿ8 ಎಂಜಿನ್ ಇರುವ ಸೋವಿಯತ್ ಲಾರಿ ಜಿಲ್-131 ನೂರು ಕಿಲೋಮೀಟರಿಗೆ 40 ಲೀಟರ್ ಆಸುಪಾಸು ಕುಡಿಯುತ್ತದೆ, ಗಂಟೆಗೆ 80 ಕಿ.ಮೀ. ಅದರ ಮಿತಿ. ಮೊದಲೇ ಹೇಳಿದರೆ ಅವನು ಲೆಕ್ಕ ಹಾಕಿಕೊಂಡು ಬರುತ್ತಾನೆ. ಹೇಳದಿದ್ದರೆ ಪ್ರಯೋಗಕ್ಕೆ ಓಡಿಸಿದ ದಿನವೇ ಮುಖ ಸಪ್ಪಗಾಗುತ್ತದೆ.

ಮೂರನೆಯವನಿಗೆ ಕೆಲಸ ಮುಖ್ಯ: ಕಾಡಿನಿಂದ ದಿಮ್ಮಿ ಎಳೆಯುವವನು, ಚಿತ್ರೀಕರಣಕ್ಕೆ ವಾಹನ ಬಾಡಿಗೆಗೆ ಕೊಡುವವನು. ಅವನು ಬೇಗ ನಿರ್ಧರಿಸುತ್ತಾನೆ, ಕಡಿಮೆ ಕೊಡುತ್ತಾನೆ.

ಆಸ್ಟ್ರಿಯಾದ ಪಿನ್ಜ್‌ಗಾವರ್ 712 ಪ್ರಯಾಣಿಕರ ಕಡೆಗೆ ವಾಲುತ್ತದೆ. ಜಲಸ್ಥಲ ಎರಡರಲ್ಲೂ ಚಲಿಸುವ ಬ್ರಿಟನ್ನಿನ ಆಲ್ವಿಸ್ ಸ್ಟಾಲ್ವರ್ಟ್ ಸಂಗ್ರಾಹಕನಿಗೇ ಸರಿ, ಏಕೆಂದರೆ ಅದರಲ್ಲಿ ಒಂದೇ ಬದಿಯ ಮೂರು ಚಕ್ರಗಳ ನಡುವೆ ಡಿಫರೆನ್ಷಿಯಲ್ ಇಲ್ಲದೆ ಗಟ್ಟಿ ರಸ್ತೆಯಲ್ಲಿ ಓಡಿದಷ್ಟೂ ಚಾಲನಾ ಭಾಗಗಳು ಬಿಗಿದುಕೊಳ್ಳುತ್ತವೆ. ನಿಮ್ಮದು ಯಾರಿಗೆ ಎಂದು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಯಾವುದಕ್ಕೆ ಖರ್ಚು ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆ ವಾಕ್ಯವೇ ಹೇಳುತ್ತದೆ.

ಹಂತ 2: ಕಾಗದಪತ್ರ

ಲಾರಿಯ ಮೇಲೆ ಮೂರು ಕಡೆ ಸಂಖ್ಯೆ ಇರುತ್ತದೆ: ಚಾಸಿಸ್ ಮೇಲೆ ಕೊರೆದದ್ದು, ಡ್ಯಾಷ್‌ಬೋರ್ಡಿನ ಲೋಹದ ಫಲಕದಲ್ಲಿರುವುದು, ನೋಂದಣಿ ಪತ್ರದಲ್ಲಿ ಮುದ್ರಿತವಾದದ್ದು. ಮೂರೂ ಒಂದೇ ಆಗಿವೆಯೇ ಎಂದು ಇಂದೇ ನೋಡಿ. ಸೇನೆಯ ಕಾರ್ಯಾಗಾರಗಳಲ್ಲಿ ಎಂಜಿನ್, ಕ್ಯಾಬ್ ಅದಲುಬದಲಾಗುವುದು ಮಾಮೂಲು, ಫಲಕ ಬೇರೆ ಲಾರಿಯಿಂದ ಬಂದಿರಬಹುದು. ಚಾಸಿಸ್ ಸಂಖ್ಯೆಯ ಮೇಲೆ ದಪ್ಪ ಬಣ್ಣ ಕೂತಿದ್ದರೆ ದ್ರಾವಕ ಹಾಕಿ ಬಟ್ಟೆಯಿಂದ ಒರೆಸಿ. ಗ್ರೈಂಡರ್ ಮಾತ್ರ ಬೇಡ. ಸಂಖ್ಯೆಯ ಸುತ್ತ ಉಜ್ಜಿದ ಗುರುತು ಕಂಡರೆ ತಿಳಿದ ಗಿರಾಕಿ ಅಲ್ಲಿಂದಲೇ ಹಿಂದಿರುಗುತ್ತಾನೆ. ಸಂಖ್ಯೆ ತಾಳೆಯಾಗದಿದ್ದರೆ ನೋಂದಣಿ ಕಚೇರಿಯಲ್ಲಿ ತಿದ್ದಿಸಿಕೊಂಡ ಮೇಲೆಯೇ ಜಾಹೀರಾತು ಕೊಡಿ.

ಸೇನೆ ವಾಹನವನ್ನು ಕೈಬಿಟ್ಟದ್ದಕ್ಕೆ ಇರುವ ದಾಖಲೆ ಎರಡನೆಯ ಮುಖ್ಯ ಕಾಗದ. ಅಮೆರಿಕದಲ್ಲಿ ಎಸ್‌ಎಫ್-97 ಎಂಬ ನಮೂನೆ ಆ ಕೆಲಸ ಮಾಡುತ್ತದೆ. ಬೇರೆ ದೇಶಗಳಲ್ಲಿ ಹರಾಜಿನ ರಸೀದಿ, ಬಿಡುಗಡೆ ಪತ್ರ ಇರುತ್ತವೆ. ಗಡಿ ದಾಟಿಸುವ ಯೋಚನೆ ಇರುವವನಿಗೆ ವಾಹನದ ವಯಸ್ಸಿನ ಪುರಾವೆಯೂ ಬೇಕು: ಅಮೆರಿಕಕ್ಕೆ ತರುವಾಗ 25 ವರ್ಷ ದಾಟಿದ ವಾಹನಕ್ಕೆ ಅಲ್ಲಿನ ಸುರಕ್ಷತಾ ಮಾನದಂಡಗಳಿಂದ ವಿನಾಯಿತಿ ಸಿಗುತ್ತದೆ, ಜರ್ಮನಿಯಲ್ಲಿ ಐತಿಹಾಸಿಕ ವಾಹನದ ನಂಬರ್ ಪ್ಲೇಟಿಗೆ 30 ವರ್ಷ ಆಗಿರಬೇಕು. ಸೇನೆಗೆಂದೇ ತಯಾರಾದ ವಾಹನವನ್ನು ದೇಶದ ಹೊರಗೆ ಕಳಿಸಲು ಪ್ರತ್ಯೇಕ ಅನುಮತಿ ಬೇಕಾಗುವ ಸಂದರ್ಭಗಳಿವೆ. ಅದನ್ನು ವಿಚಾರಿಸಿಕೊಳ್ಳುವುದು ಯಾರ ಹೊಣೆ ಎಂದು ಮೊದಲೇ ಮಾತಾಗಲಿ.

ಜೊತೆಗೆ ಒಂದು ದಪ್ಪ ಫೈಲು ಸಿದ್ಧಮಾಡಿ. ಬಿಡಿಭಾಗಗಳ ರಸೀದಿಗಳು, ಬಿಚ್ಚುವಾಗ ತೆಗೆದ ಫೋಟೊಗಳು, ಎಣ್ಣೆ ಬದಲಿಸಿದ ದಿನಾಂಕಗಳು, ಸೇನೆಯ ಕೈಪಿಡಿ (ಅಮೆರಿಕದ ಲಾರಿಗಳದ್ದಾದರೆ ಟಿಎಂ 9 ಎಂದು ಆರಂಭವಾಗುವ ಪುಸ್ತಕಗಳು) ಅದರಲ್ಲಿರಲಿ. ಹೊಳೆಯುವ ಲಾರಿಯ ಹತ್ತು ಫೋಟೊಗಳಿಗಿಂತ ಬೋಳಾದ ಚಾಸಿಸ್ಸಿನ ಒಂದು ಫೋಟೊ ಹೆಚ್ಚು ಕೆಲಸ ಮಾಡುತ್ತದೆ.

ಹಂತ 3: ತೆಗೆಯಬೇಕಾದದ್ದು, ಎಚ್ಚರಿಸಬೇಕಾದದ್ದು

ಬಂದೂಕು ಕೂರಿಸುವ ಉಂಗುರ, ಹೊಗೆ ಸಿಡಿಸುವ ಕೊಳವೆ, ಸೇನೆಯ ರೇಡಿಯೊ ಇವು ನಿಮ್ಮ ದೇಶದ ಕಾನೂನಿನಲ್ಲಿ ಖಾಸಗಿ ವ್ಯಕ್ತಿಯ ಬಳಿ ಇರಬಹುದೇ ಎಂದು ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಮಾರಾಟದಿಂದ ಹೊರಗಿಡಿ. ಕೆಲವು ದೇಶಗಳಲ್ಲಿ ಖಾಸಗಿ ವಾಹನಕ್ಕೆ ಸೇನೆಯ ಹಸಿರು ಬಣ್ಣವೇ ನಿಷಿದ್ಧ.

ಹಳೆಯ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟ್, ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಹೆಚ್ಚು. ಆಸ್ಟ್ರೇಲಿಯಾ 2003ರ ಕೊನೆಯಿಂದ ಕಲ್ನಾರನ್ನು ಪೂರ್ಣವಾಗಿ ನಿಷೇಧಿಸಿದೆ, ಹಳೆಯ ವಾಹನದೊಳಗಿನ ಕಲ್ನಾರಿಗೂ ಅಲ್ಲಿ ಪ್ರವೇಶವಿಲ್ಲ. ಆದ್ದರಿಂದ ನೀವು ಬದಲಿಸಿದ ಲೈನಿಂಗ್‌ನ ರಸೀದಿ ಆ ಕಡೆಯ ಗಿರಾಕಿಗೆ ಚಿನ್ನದಂಥ ಕಾಗದ.

ಇನ್ನೊಂದು, ಹಲವರ ಗಮನಕ್ಕೇ ಬರದ ಅಪಾಯ. ಯುದ್ಧಕಾಲದ ಡಯಲುಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿಯುತ್ತಿದ್ದರು. ಈಗ ಮುಳ್ಳು ಹೊಳೆಯುವುದಿಲ್ಲ ಎಂದ ಮಾತ್ರಕ್ಕೆ ಅದು ಸತ್ತಿಲ್ಲ: ಬೆಳಕು ಕೊಡುತ್ತಿದ್ದ ರಾಸಾಯನಿಕ ಹಾಳಾಗಿರುತ್ತದೆ ಅಷ್ಟೆ. ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಗಾಜು ಬಿಚ್ಚಿ ಮುಳ್ಳು ಒರೆಸಲು ಹೋಗಬೇಡಿ, ಕೊಳ್ಳುವವನಿಗೂ ಹೇಳಿ.

ಹಂತ 4: ಯಾವುದನ್ನು ಸರಿಮಾಡಿಸಬೇಕು

ಬಣ್ಣಕ್ಕೆ ಹಣ ಸುರಿಯುವ ಮೊದಲು ಬ್ರೇಕ್. ಹಳೆಯ ಲಾರಿಗಳಲ್ಲಿ ಹಲವಕ್ಕೆ ಒಂದೇ ಬ್ರೇಕ್ ವ್ಯವಸ್ಥೆ. ಅಮೆರಿಕದ ಎಂ35ಎ2 ಲಾರಿಯಲ್ಲಿ ಗಾಳಿಯ ಒತ್ತಡದ ನೆರವಿರುವ ಹೈಡ್ರಾಲಿಕ್ ಬ್ರೇಕ್ ಇದೆ, ಆದರೆ ಮಾಸ್ಟರ್ ಸಿಲಿಂಡರ್ ಒಂದೇ: ಒಂದು ಮೆದುಕೊಳವೆ ಒಡೆದರೂ ಆರೂ ಚಕ್ರಗಳ ಬ್ರೇಕ್ ಒಟ್ಟಿಗೆ ಹೋಗುತ್ತದೆ. ರಬ್ಬರ್ ಕೊಳವೆಗಳನ್ನು ಕಣ್ಣುಮುಚ್ಚಿ ಹೊಸದಾಗಿ ಹಾಕಿಸಿ, ವೀಲ್ ಸಿಲಿಂಡರ್‌ಗಳನ್ನು ನೋಡಿ, ಬ್ರೇಕ್ ದ್ರವ ಬದಲಿಸಿ, ರಸೀದಿಯನ್ನು ಫೈಲಿಗೆ ಸೇರಿಸಿ.

ಗಾಳಿ ಸೋರಿಕೆಯ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಟ್ಯಾಂಕಿನಲ್ಲಿ ಒತ್ತಡ ತುಂಬುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಿ. ಗೇಜಿನ ಗಾಜಿನ ಮೇಲೆ ಮುಳ್ಳಿರುವ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ. ಹತ್ತು ನಿಮಿಷ ಬಿಟ್ಟು ನೋಡಿ. ಮುಳ್ಳು ಜಾರಿದ್ದರೆ ಸಾಬೂನು ನೀರಿನ ಬ್ರಷ್ ಹಿಡಿದು ಒಂದೊಂದೇ ಜೋಡಣೆಗೆ ಸವರುತ್ತಾ ಹೋಗಿ, ಗುಳ್ಳೆ ಎದ್ದಲ್ಲಿ ಸೋರಿಕೆ. ಎಂ35ರ ಕೆಲವು ಮಾದರಿಗಳಲ್ಲಿ ಮುಂದಿನ ಆಕ್ಸಲ್ಲನ್ನು ಜೋಡಿಸುವುದೂ ಇದೇ ಗಾಳಿ, ಹಾಗಾಗಿ ಬ್ರೇಕ್ ಎಂದುಕೊಂಡ ದೋಷ ಕೊನೆಗೆ ಟ್ರಾನ್ಸ್‌ಫರ್ ಕೇಸಿನ ಬಳಿ ಸಿಕ್ಕಿಬಿಡಬಹುದು.

ಟಯರುಗಳ ಹಲ್ಲು ಆಳವಾಗಿದ್ದರೆ ಸಾಲದು, ವಯಸ್ಸು ನೋಡಿ. 2000ದ ಬಳಿಕ ತಯಾರಾದ ಟಯರುಗಳ ಬದಿಯಲ್ಲಿ ನಾಲ್ಕಂಕಿಯ ಗುರುತು ಇರುವುದು ರೂಢಿ: 1214 ಎಂದರೆ 2014ರ ಹನ್ನೆರಡನೆಯ ವಾರ. ಹಿಂದಿನ ಎರಡು ಆಕ್ಸಲ್‌ಗಳಲ್ಲಿ ಬೇರೆ ಬೇರೆ ಸವೆತದ ಟಯರುಗಳಿದ್ದರೆ ಸುತ್ತಳತೆ ವ್ಯತ್ಯಾಸವಾಗಿ ಶಾಫ್ಟ್‌ಗಳ ಮೇಲೆ ಬಿಗಿತ ಬೀಳುತ್ತದೆ. ಟೇಪು ಹಿಡಿದು ಅಳೆಯಿರಿ, ಅಳತೆಗೆ ಸರಿಯಾಗಿ ಜೋಡಿ ಮಾಡಿ.

ರಿಮ್ಮಿಗೆ ಲಾಕ್ ರಿಂಗ್ (ಟಯರನ್ನು ಹಿಡಿದಿಡುವ ಬಿಡಿ ಉಂಗುರ) ಇರುವ ಚಕ್ರವಾದರೆ ನೀವಾಗಿ ಕೈಹಾಕಬೇಡಿ. ಗಾಳಿಯಿರುವಾಗ ಸಿಡಿದ ಉಂಗುರ ಮನುಷ್ಯನನ್ನು ಕೊಂದ ಉದಾಹರಣೆಗಳಿವೆ. ರಕ್ಷಣಾ ಪಂಜರ ಇರುವ ಅಂಗಡಿಯವನಿಗೇ ಬಿಡಿ.

ವಿದ್ಯುತ್ ವ್ಯವಸ್ಥೆ 24 ವೋಲ್ಟ್ ಆಗಿದ್ದು, ಫೋನ್ ಚಾರ್ಜ್ ಮಾಡಲೆಂದು ಎರಡರಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟಿನ ತಂತಿ ಎಳೆದಿದ್ದೀರಾ? ಕಿತ್ತುಹಾಕಿ, ಪರಿವರ್ತಕ ಹಾಕಿಸಿ. ಒಂದು ಬ್ಯಾಟರಿ ಬೇಗ ಸಾಯುತ್ತದೆ, ಇನ್ನೊಂದು ಮಿತಿಮೀರಿ ಚಾರ್ಜ್ ಆಗುತ್ತದೆ.

ಇನ್ನು ಎಣ್ಣೆ ಸೋರಿಕೆ. ನಾನು ಮಾರಿದ ಮೊದಲ ಲಾರಿಯ ಅಡಿಭಾಗವನ್ನು ಗಿರಾಕಿ ಬರುವ ಹಿಂದಿನ ದಿನ ಬಿಸಿನೀರಿನ ಒತ್ತಡ ಹಾಕಿ ಫಳಫಳ ತೊಳೆದಿಟ್ಟಿದ್ದೆ. ಬಂದ ಹಿರಿಯರು ಕೆಳಗೆ ತೂರಿ, ಟಾರ್ಚ್ ಹಿಡಿದು ನೋಡಿ, ಮೊಣಕೈ ಒರೆಸಿಕೊಳ್ಳುತ್ತ ಎದ್ದರು. "ಯಾವ ಸೀಲು ಸೋರುತ್ತಿತ್ತು ಎಂದು ಈಗ ನನಗೆ ಗೊತ್ತಾಗುವುದಾದರೂ ಹೇಗೆ?" ಎಂದು ಕೇಳಿದರು. ನನ್ನ ಬಳಿ ಉತ್ತರ ಇತ್ತು, ಹೇಳಲು ನಾಚಿಕೆಯಾಯಿತು. ಅಂದಿನಿಂದ ತೊಳೆಯುವುದಾದರೆ ಎರಡು ವಾರ ಮೊದಲೇ ತೊಳೆದು, ಐವತ್ತು ಕಿಲೋಮೀಟರ್ ಓಡಿಸಿ, ಎಲ್ಲಿ ಒದ್ದೆಯಾಗಿದೆ ಎಂದು ಪಟ್ಟಿ ಮಾಡುತ್ತೇನೆ. ಆ ಪಟ್ಟಿಯನ್ನೇ ಗಿರಾಕಿಯ ಕೈಗೆ ಕೊಡುತ್ತೇನೆ. ಚೌಕಾಸಿ ಆಮೇಲೆ ಸೀಲಿನ ಬೆಲೆಯ ಸುತ್ತ ಮಾತ್ರ ನಡೆಯುತ್ತದೆ, ಇಡೀ ಲಾರಿಯ ಸುತ್ತ ಅಲ್ಲ.

ಹಂತ 5: ಬೆಲೆ

ಜಾಹೀರಾತುಗಳಲ್ಲಿ ಕಾಣುವುದು ಮಾರುವವರ ಆಸೆ. ನಿಜವಾದ ಬೆಲೆ ಹರಾಜಿನ ಫಲಿತಾಂಶಗಳಲ್ಲಿರುತ್ತದೆ. ಅದೇ ಮಾದರಿ, ಅದೇ ಎಂಜಿನ್, ಹತ್ತಿರದ ಸ್ಥಿತಿಯ ನಾಲ್ಕೈದು ಮಾರಾಟಗಳನ್ನು ಹುಡುಕಿ. ಎಂಟು ತಿಂಗಳಿಂದ ಒಂದೇ ಬೆಲೆಗೆ ನೇತಾಡುತ್ತಿರುವ ಜಾಹೀರಾತೂ ಪಾಠವೇ: ಆ ಬೆಲೆಗೆ ಕೊಳ್ಳುವವರಿಲ್ಲ.

ಆಮೇಲೆ ಎರಡು ಮೊತ್ತ ಬರೆದಿಡಿ. ಒಂದು ಕೇಳುವುದು, ಇನ್ನೊಂದು ಅದಕ್ಕಿಂತ ಕೆಳಗೆ ಹೋಗದ ಗಡಿ. ಎರಡನೆಯದನ್ನು ಮನೆಯವರಿಗೂ ಹೇಳಿಡಿ, ಏಕೆಂದರೆ ಗಿರಾಕಿ ಹೊರಡಲು ಎದ್ದಾಗ ನಿಮ್ಮ ಮನಸ್ಸು ಸಡಿಲವಾಗುತ್ತದೆ. ಬಿಡಿ ಎಂಜಿನ್, ಹೆಚ್ಚುವರಿ ಆಕ್ಸಲ್, ಪೆಟ್ಟಿಗೆಗಟ್ಟಲೆ ಬೇರಿಂಗ್‌ಗಳು ಇದ್ದರೆ ಅವನ್ನು ಜೊತೆಗೇ ಕೊಡುವುದು ಒಳ್ಳೆಯದು. ಬೇರೆಯಾಗಿ ಮಾರಿದರೆ ನಾಲ್ಕು ಕಾಸು ಹೆಚ್ಚು ಸಿಗಬಹುದು, ಆದರೆ ಬಿಡಿಭಾಗವಿಲ್ಲದ ಲಾರಿಯನ್ನು ದೂರದವರು ಕೊಳ್ಳಲು ಹಿಂಜರಿಯುತ್ತಾರೆ. ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಕೆಲಸ ಮಾಡುತ್ತಿದ್ದರೆ ಲಾರಿಯ ಮೇಲೆಯೇ ಇರಲಿ.

ಹಂತ 6: ಫೋಟೊ, ವಿಡಿಯೊ, ಬರಹ

ಸೂರ್ಯಾಸ್ತದ ಎದುರು ನಿಂತ ಲಾರಿಯ ಚಿತ್ರ ಒಂದು ಸಾಕು. ಉಳಿದವು ಹೀಗಿರಲಿ: ಚಾಸಿಸ್ ಒಳಬದಿ, ಸ್ಪ್ರಿಂಗ್ ಕೂರುವ ಜಾಗ, ಕ್ಯಾಬಿನ ನೆಲ ಚಾಪೆ ಎತ್ತಿದಾಗ, ಬಾಗಿಲಿನ ಕೆಳಅಂಚು, ಫಲಕ, ಪ್ರತಿ ಟಯರಿನ ದಿನಾಂಕ, ಬೆಸುಗೆ ಹಾಕಿದ ಜಾಗ. ಬಣ್ಣ ಎದ್ದ ಜಾಗವಿದ್ದರೆ ಅದರ ಹತ್ತಿರದ ಚಿತ್ರವೂ ಇರಲಿ.

ವಿಡಿಯೊದಲ್ಲಿ ತಣ್ಣಗಿರುವ ಎಂಜಿನ್ ಚಾಲೂ ಆಗುವುದನ್ನು ಕತ್ತರಿಸದೆ ಒಂದೇ ಓಟದಲ್ಲಿ ತೆಗೆಯಿರಿ. ಎಂಜಿನ್ ಬ್ಲಾಕಿನ ಮೇಲೆ ಬರಿಗೈ ಇಟ್ಟು ತೋರಿಸಿ, ಕ್ಯಾಬಿಗೆ ಹತ್ತಿ, ಸ್ಟಾರ್ಟ್ ಮಾಡಿ, ಎಣ್ಣೆಯ ಒತ್ತಡದ ಮುಳ್ಳು ಏಳುವುದನ್ನು ತೋರಿಸಿ, ಇಳಿದು ಹೊಗೆಕೊಳವೆಯ ಬಳಿ ಹೋಗಿ. ಹೊಗೆ ಬಂದರೆ ಬರಲಿ, ಎಷ್ಟು ಹೊತ್ತಿನಲ್ಲಿ ತಿಳಿಯಾಗುತ್ತದೆ ಎಂಬುದನ್ನು ನೋಡಲು ಜನ ಕಾಯುತ್ತಾರೆ.

ಬರಹದಲ್ಲಿ ಉದ್ದ, ಅಗಲ, ಎತ್ತರ, ಖಾಲಿ ತೂಕ, ಅನುಮತಿಸಿದ ಒಟ್ಟು ತೂಕ ಕೊಡಿ. ಗೇಟಿನೊಳಗೆ ಹಿಡಿಸುತ್ತದೆಯೇ ಎಂಬುದರಿಂದ ಹಿಡಿದು ಯಾವ ಚಾಲನಾ ಪರವಾನಗಿ ಬೇಕು ಎಂಬವರೆಗೆ ಎಲ್ಲವೂ ಅದರ ಮೇಲೆ ನಿಂತಿದೆ. ಯುರೋಪಿನಲ್ಲಿ 3.5 ಟನ್ ದಾಟಿದರೆ ಸಿ1, 7.5 ಟನ್ ದಾಟಿದರೆ ಸಿ ವರ್ಗದ ಪರವಾನಗಿ ಬೇಕು. "ಅಪರೂಪದ್ದು", "ಮತ್ತೆ ಸಿಗದು" ಎಂಬ ಮಾತು ಬೇಡ. ದೋಷಗಳ ಪಟ್ಟಿಯನ್ನು ಕೊನೆಯಲ್ಲಿ ಬಚ್ಚಿಡದೆ ನಡುವೆಯೇ ಇಡಿ.

ಸೇನಾ ವಾಹನ ಸಂಗ್ರಾಹಕರ ಸಂಘಗಳ ಪತ್ರಿಕೆ, ಮೇಳಗಳಲ್ಲಿ ಸುದ್ದಿ ಹಬ್ಬಿಸಿ. ಸಾಮಾನ್ಯ ವಾಹನ ಮಾರಾಟ ತಾಣದಲ್ಲಿ ಕರೆಗಳು ನೂರು ಬರುತ್ತವೆ, ಗಿರಾಕಿ ಒಬ್ಬನೂ ಬರದಿರಬಹುದು.

ಹಂತ 7: ನೋಡಲು ಬಂದಾಗ

ಬರುವವರೆಗೆ ಎಂಜಿನ್ ಮುಟ್ಟಬೇಡಿ. ಬೆಚ್ಚಗಿರುವ ಎಂಜಿನ್ ಕಂಡರೆ ಬಂದವರ ಮುಖ ಬಿಗಿಯುತ್ತದೆ.

ಪ್ರಯೋಗಕ್ಕೆ ಓಡಿಸುವ ಮೊದಲು ಬಂದವರ ಪರವಾನಗಿ ನೋಡಿ, ವಿಮೆ ಬೇರೆ ಚಾಲಕನಿಗೂ ಅನ್ವಯಿಸುತ್ತದೆಯೇ ತಿಳಿದುಕೊಳ್ಳಿ. ಮೊದಲ ಸುತ್ತು ನೀವೇ ಓಡಿಸಿ. ಸಿಂಕ್ರೊಮೆಶ್ (ಗೇರುಗಳ ವೇಗವನ್ನು ತಾನೇ ಸರಿದೂಗಿಸುವ ವ್ಯವಸ್ಥೆ) ಇಲ್ಲದ ಗೇರ್‌ಬಾಕ್ಸ್ ಆದರೆ ಎರಡು ಬಾರಿ ಕ್ಲಚ್ ಒತ್ತುವುದನ್ನು ತೋರಿಸಿ. ಗೊತ್ತಿಲ್ಲದವನ ಕೈಗೆ ಕೊಟ್ಟರೆ ಗೇರು ಕಿರುಚುತ್ತದೆ, ಅವನು ಗೇರ್‌ಬಾಕ್ಸ್ ಕೆಟ್ಟಿದೆ ಎಂದುಕೊಳ್ಳುತ್ತಾನೆ.

ಆರೂ ಚಕ್ರಗಳ ಚಾಲನೆಯನ್ನು ಡಾಂಬರಿನ ಮೇಲೆ ತೋರಿಸಬೇಡಿ. ಟ್ರಾನ್ಸ್‌ಫರ್ ಕೇಸಿನಲ್ಲಿ ನಡು ಡಿಫರೆನ್ಷಿಯಲ್ ಇಲ್ಲದ ಲಾರಿಗಳಲ್ಲಿ ಮುಂದಿನ ಆಕ್ಸಲ್ ಜೋಡಿಸಿ ಗಟ್ಟಿ ನೆಲದಲ್ಲಿ ತಿರುಗಿಸಿದರೆ ಎಲ್ಲವೂ ಬಿಗಿದುಕೊಳ್ಳುತ್ತದೆ. ಜಲ್ಲಿಯ ಅಥವಾ ಹಸಿ ಮಣ್ಣಿನ ಜಾಗ ಹುಡುಕಿಟ್ಟಿರಿ. ಅಲ್ಲಿ ಕೆಳ ಅನುಪಾತಕ್ಕೆ ಹಾಕಿ, ನಿಧಾನಕ್ಕೆ ದಿಬ್ಬ ಹತ್ತಿಸಿ, ಬಂದವರನ್ನು ಕೆಳಗೆ ದೂರದಲ್ಲಿ ನಿಲ್ಲಿಸಿ ಮುಂದಿನ ಚಕ್ರಗಳು ಕೆದಕುವುದನ್ನು ಕಣ್ಣಾರೆ ನೋಡಲು ಬಿಡಿ. ಪೋರ್ಟಲ್ ಆಕ್ಸಲ್ (ಚಕ್ರದ ನಡುಬಿಂದುವಿಗಿಂತ ಮೇಲಿದ್ದು, ಹಬ್ಬಿನೊಳಗೆ ಪ್ರತ್ಯೇಕ ಗೇರು ಇರುವುದು) ಇದ್ದರೆ ಹಿಂದಿರುಗಿದ ಮೇಲೆ ಪ್ರತಿ ಚಕ್ರದ ಹಬ್ಬಿನ ಮೇಲೆ ಕೈಯಿಟ್ಟು ನೋಡಿ: ಒಂದು ಮಾತ್ರ ಬಿಸಿಯಾಗಿದ್ದರೆ ಅಲ್ಲಿ ಏನೋ ಇದೆ. ಎಣ್ಣೆ ಹಾಲಿನಂತೆ ಬಿಳಿಚಿದ್ದರೆ ನೀರು ಹೊಕ್ಕಿದೆ.

ಹಂತ 8: ಹಣ, ಕರಾರು

ಮುಂಗಡ ಪಡೆದರೆ ಅದು ಮರಳಿಸಬೇಕಾದದ್ದೋ ಅಲ್ಲವೋ, ಎಷ್ಟು ದಿನದವರೆಗೆ ಕಾಯುತ್ತೀರಿ ಎಂಬುದು ಬರಹದಲ್ಲಿರಲಿ. ನೋಡದೆಯೇ ಪೂರ್ತಿ ಬೆಲೆ ಒಪ್ಪುವವನು, ಹೆಚ್ಚು ಮೊತ್ತದ ಚೆಕ್ ಕಳಿಸಿ ಉಳಿದದ್ದನ್ನು "ಸಾಗಣೆದಾರನಿಗೆ" ಕಳಿಸಿ ಎನ್ನುವವನು ವಂಚಕ. ಹಣ ಖಾತೆಗೆ ಬಂದಿದೆ ಎಂಬುದನ್ನು ಅವನ ಫೋನಿನ ಪರದೆಯಲ್ಲಿ ನೋಡಿ ನಂಬಬೇಡಿ, ನಿಮ್ಮ ಬ್ಯಾಂಕಿನಿಂದಲೇ ಖಚಿತಪಡಿಸಿಕೊಳ್ಳಿ.

ಮಾರಾಟ ಪತ್ರ ಎರಡು ಪ್ರತಿ. ಚಾಸಿಸ್ ಸಂಖ್ಯೆ, ಓಡಿದ ದೂರ, ಬೆಲೆ, ದೋಷಗಳ ಪಟ್ಟಿ, ಇರುವ ಸ್ಥಿತಿಯಲ್ಲೇ ಮಾರಲಾಗಿದೆ ಎಂಬ ವಾಕ್ಯ, ಜೊತೆಗೆ ಕೊಟ್ಟ ಬಿಡಿಭಾಗಗಳು, ಹಸ್ತಾಂತರದ ದಿನಾಂಕ ಮಾತ್ರವಲ್ಲ ಗಂಟೆಯೂ. ಅದೇ ಸಂಜೆ ಮಾಲೀಕತ್ವ ಬದಲಾವಣೆಯನ್ನು ನೋಂದಣಿ ಕಚೇರಿಗೆ ತಿಳಿಸಿ, ಬಳಿಕ ವಿಮೆ ನಿಲ್ಲಿಸಿ. ಅನುಕ್ರಮ ತಪ್ಪಿದರೆ ಬೇರೆಯವನ ದಂಡ ನಿಮ್ಮ ಮನೆಗೆ ಬರುತ್ತದೆ.

ಹಂತ 9: ಸಾಗಣೆ, ಹಸ್ತಾಂತರ

ದೂರದ ಊರಿಗೆ ಓಡಿಸಿಕೊಂಡು ಹೋಗುತ್ತೇನೆ ಎಂಬ ಉತ್ಸಾಹ ಕೊಳ್ಳುವವರಲ್ಲಿ ಸಾಮಾನ್ಯ. ತಗ್ಗು ಟ್ರೇಲರ್ ಮೇಲೆ ಹೋಗುವುದೇ ಕ್ಷೇಮ. ಟ್ರೇಲರ್ ಸೇರಿ ಒಟ್ಟು ಎತ್ತರ ಅಳೆದು ದಾರಿಯ ಸೇತುವೆಗಳೊಂದಿಗೆ ತಾಳೆ ನೋಡಲು ಹೇಳಿ. ಟಾರ್ಪಾಲಿನ್ ಕಮಾನುಗಳನ್ನು ಬಿಚ್ಚಿದರೆ ಎತ್ತರ ಸಾಕಷ್ಟು ಇಳಿಯುತ್ತದೆ. ಎಳೆದುಕೊಂಡು ಹೋಗುವುದಾದರೆ ಕೈಪಿಡಿ ಹೇಳಿದಂತೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ. ಎಂಜಿನ್ ನಿಂತಿರುವಾಗ ಚಕ್ರಗಳೇ ಗೇರುಗಳನ್ನು ತಿರುಗಿಸಿದರೆ ಎಣ್ಣೆ ತಲುಪದೆ ಟ್ರಾನ್ಸ್‌ಫರ್ ಕೇಸ್ ಸುಟ್ಟುಹೋಗಬಹುದು. ಹಡಗಿಗೆ ಹೋಗುವ ಲಾರಿಯಾದರೆ ಅಡಿಭಾಗದ ಮಣ್ಣನ್ನು ಪೂರ್ತಿ ತೊಳೆಯಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಬೇರೆ ನೆಲದ ಮಣ್ಣು, ಬೀಜ ಒಳಬರಲು ಬಿಡುವುದಿಲ್ಲ.

ಕೊಟ್ಟ ದಿನ ಕೊಳ್ಳುವವರೊಂದಿಗೆ ಅರ್ಧ ದಿನ ಕಳೆಯಿರಿ. ಗಾಳಿಯ ಟ್ಯಾಂಕಿನಿಂದ ನೀರು ಬಿಡುವುದು, ಎಂ35ಎ2ನಂಥ ಲಾರಿಯಲ್ಲಿ ಎಂಜಿನ್ ನಿಲ್ಲಿಸಲು ಎಳೆಯುವ ಗುಂಡಿ ಯಾವುದು, ಗ್ರೀಸ್ ನಿಪ್ಪಲ್‌ಗಳು ಎಷ್ಟು, ಎಲ್ಲಿವೆ ಎಂಬುದೆಲ್ಲ ಕೈಯಲ್ಲಿ ಮಾಡಿ ತೋರಿಸಿ. ಹಲವು ಸೇನಾ ಲಾರಿಗಳ ಎಡಬದಿಯ ಚಕ್ರದ ನಟ್‌ಗಳು ಎಡ ತಿರುಪಿನವು. ಇದನ್ನು ಹೇಳದೆ ಬಿಟ್ಟರೆ ದಾರಿಯಲ್ಲಿ ಪಂಕ್ಚರ್ ಆದಾಗ ಅವರು ಬಿಚ್ಚುತ್ತಿದ್ದೇವೆ ಎಂದುಕೊಂಡು ಬಿಗಿಯುತ್ತಲೇ ಇರುತ್ತಾರೆ, ಕೊನೆಗೆ ಬೋಲ್ಟ್ ತುಂಡಾಗುತ್ತದೆ.

ಟ್ರೇಲರಿಗೆ ಸರಪಳಿ ಬಿಗಿಯುತ್ತಿರುವಾಗ ಒಮ್ಮೆ ಶೆಡ್ಡಿನೊಳಗೆ ಹೋಗಿ ಗೋಡೆ ನೋಡಿ. ಹಬ್ಬಿನ ನಟ್ ಬಿಚ್ಚುವ ಆ ದೊಡ್ಡ ಸಾಕೆಟ್ ಇನ್ನೂ ಮೊಳೆಗೆ ತೂಗುತ್ತಿರುತ್ತದೆ. ನಿಮ್ಮ ಬಳಿ ಇನ್ನು ಅದಕ್ಕೆ ಕೆಲಸವಿಲ್ಲ, ತಂದು ಕ್ಯಾಬಿನ ಸೀಟಿನಡಿ ಇಡಿ.